ಎಂಬತ್ತು ಸಾವಿರ ಹಲಗೆ, ಎಲ್ಲವೂ ಉಲ್ಟಾ

ಕೊರಿಯಾದ ಒಂದು ಮಠದಲ್ಲಿ ಮರದ ಹಲಗೆಗಳ ಮೇಲೆ ಕೆತ್ತಿಟ್ಟ ಬೌದ್ಧ ಗ್ರಂಥಗಳ ಬಗ್ಗೆ ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಅವತ್ತು ಬರಲಾಗದ ಕೆಲವರು ಬರೆದುಕೊಡಿ ಅಂದರು. ಮೈಕು ಕೈಕೊಟ್ಟಾಗ ನಾನು ಹೇಳಿದ್ದನ್ನೇ ಮತ್ತೆ ಹೇಳಿದ ಭಾಗಗಳನ್ನು ತೆಗೆದಿದ್ದೇನೆ. ಮಿಕ್ಕಿದ್ದು ಹೆಚ್ಚುಕಡಿಮೆ ಅವತ್ತಿನ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ.

ನಮ್ಮಪ್ಪ ಒಂದು ಸಣ್ಣ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂತಿರುವ ಮಕ್ಕಳಿಗೆ ಅಚ್ಚುಮೊಳೆ ಅಂದರೆ ಗೊತ್ತಿರಲಿಕ್ಕಿಲ್ಲ. ಇಗೋ, ಇದು. ಸೀಸದ ತುಂಡು, ತುದಿಯಲ್ಲಿ ಒಂದು ಅಕ್ಷರ. ಕೈಯಿಂದ ಕೈಗೆ ದಾಟಿಸಿ ನೋಡಿ, ಕೊನೆಗೆ ನನಗೆ ವಾಪಸ್ ಕೊಡಿ, ನನ್ನ ಹತ್ತಿರ ಉಳಿದಿರುವುದು ನಾಲ್ಕೇ. ಅದರ ಮೇಲಿನ ಅಕ್ಷರ ಉಲ್ಟಾ ಇರುತ್ತದೆ, ಕನ್ನಡಿಯಲ್ಲಿ ಕಂಡ ಹಾಗೆ. ಅಪ್ಪ ಅದನ್ನು ನಾವು ಪೇಪರು ಓದುವಷ್ಟೇ ಸಲೀಸಾಗಿ ಓದುತ್ತಿದ್ದರು.

ಒಂದು ಸಲ ಮದುವೆ ಕಾಗದದಲ್ಲಿ ‘ಸುಮುಹೂರ್ತ’ದ ಅರ್ಕಾವತ್ತು ಬಿದ್ದುಹೋಯಿತು. ‘ಸುಮುಹೂತ’ ಅಂತಲೇ ಐನೂರು ಕಾಗದ ಅಚ್ಚಾಗಿ, ಅರ್ಧ ಹಂಚಿಯೂ ಆಗಿತ್ತು. ಹೆಣ್ಣಿನ ಕಡೆಯವರು ಅಪಶಕುನ ಅಂತ ಕೂಗಾಡಿದರು. ಮರುಮುದ್ರಣದ ಖರ್ಚು ಅಪ್ಪನ ಸಂಬಳದಲ್ಲಿ ಹಿಡಿದರು. ಆ ತಿಂಗಳು ಮನೆಯಲ್ಲಿ ಏನೇನು ಕಡಿಮೆಯಾಯಿತು ಅಂತ ನನಗೆ ಚೆನ್ನಾಗಿ ನೆನಪಿದೆ. ಅಂದಿನಿಂದ ಅಚ್ಚಾದ ಯಾವುದನ್ನು ಕಂಡರೂ ನನಗೆ ಮೊದಲು ಬರುವ ಪ್ರಶ್ನೆ ಒಂದೇ: ಇದರ ಕರಡು ಯಾರು ತಿದ್ದಿದರು?

ದಕ್ಷಿಣ ಕೊರಿಯಾದ ಒಂದು ಬೆಟ್ಟದ ಮೇಲಿನ ಬೌದ್ಧ ಮಠದಲ್ಲಿ 81,000ಕ್ಕೂ ಜಾಸ್ತಿ ಮರದ ಹಲಗೆಗಳಿವೆ. ಪ್ರತಿ ಹಲಗೆಯ ಎರಡೂ ಬದಿಗೆ ಬುದ್ಧನ ಮಾತು, ಉಪದೇಶ, ಭಿಕ್ಷುಗಳ ನಡತೆಯ ನಿಯಮ, ಟೀಕು, ಎಲ್ಲವನ್ನೂ ಚೀನೀ ಲಿಪಿಯಲ್ಲಿ ಉಲ್ಟಾ ಕೆತ್ತಿದ್ದಾರೆ. ಕೆತ್ತಿ ಸುಮಾರು 775 ವರ್ಷವಾಯಿತು. ಇವತ್ತಿಗೂ ಮಸಿ ಹಚ್ಚಿ ಕಾಗದ ಒತ್ತಿದರೆ ಸ್ಪಷ್ಟವಾಗಿ ಮೂಡುತ್ತವೆ. ಇದನ್ನು ಕೇಳಿದಾಗಲೂ ನನ್ನ ತಲೆಗೆ ಬಂದಿದ್ದು ಅದೇ ಪ್ರಶ್ನೆ. ಸುಮ್ನೆ ಕೇಳಿಕೊಂಡಿದ್ದು. ಆದರೆ ಅದಕ್ಕೆ ಉತ್ತರ ಇದೆ, ಆ ಮನುಷ್ಯನ ಹೆಸರೂ ಇದೆ. ಅವನ ಕತೆಗೆ ಆಮೇಲೆ ಬರುತ್ತೇನೆ.

ಮಠದ ಹೆಸರು ಹೇಇನ್‌ಸಾ. ‘ಸಾ’ ಅಂದರೆ ಮಠ. ‘ಹೇಇನ್’ ಅಂದರೆ ಸಮುದ್ರದ ಮುದ್ರೆ, ನಮ್ಮ ಮಾತಲ್ಲಿ ಸಾಗರಮುದ್ರೆ. ಅಲೆ ನಿಂತ ಕಡಲಿನಲ್ಲಿ ಎಲ್ಲದರ ಪಡಿಯಚ್ಚು ಕಾಣುವ ಹಾಗೆ, ಕದಡದ ಮನಸ್ಸಿನಲ್ಲಿ ಲೋಕ ಕಾಣುತ್ತದಂತೆ. ಅವತಂಸಕ ಸೂತ್ರ ಅನ್ನುವ ಬೌದ್ಧ ಗ್ರಂಥದಿಂದ ಬಂದ ಹೆಸರು ಅದು. ಮಠ ಶುರುವಾಗಿದ್ದು 802ರಲ್ಲಿ. ಹಲಗೆಗಳು ಬರುವುದಕ್ಕೆ ಆರು ಶತಮಾನ ಮೊದಲೇ ಅಚ್ಚಿಗೆ ಒಪ್ಪುವ ಹೆಸರು ಇಟ್ಟುಕೊಂಡು ಕೂತಿತ್ತು ನೋಡಿ. ಅದಿರುವ ಬೆಟ್ಟದ ಹೆಸರು ಗಯಾಸಾನ್, ಅಂದರೆ ಗಯಾ ಬೆಟ್ಟ. ಕೊರಿಯಾದವರು ಮೂರು ಮಠಗಳನ್ನು ಮೂರು ರತ್ನ ಅನ್ನುತ್ತಾರೆ. ತೊಂಗ್ದೊಸಾ ಬುದ್ಧನಿಗೆ, ಸೊಂಗ್‌ಗ್ವಾಂಗ್‌ಸಾ ಸಂಘಕ್ಕೆ, ಹೇಇನ್‌ಸಾ ಧರ್ಮಕ್ಕೆ. ಶರಣು ಹೋಗುವ ಮೂರು ಮಾತು ನಮಗೂ ಬಾಯಿಪಾಠವೇ ಅಲ್ವಾ?

ಜನ ಈ ಹಲಗೆಗಳನ್ನು ‘ಪಾಲ್ಮಾನ್ ದೇಜಾಂಗ್‌ಗ್ಯೊಂಗ್’ ಅಂತ ಕರೆಯುತ್ತಾರೆ. ಎಂಬತ್ತು ಸಾವಿರದ ಮಹಾ ಗ್ರಂಥ ಅಂತ ಅರ್ಥ. ಬಹಳ ಕಾಲ ಎಲ್ಲ ಪುಸ್ತಕಗಳಲ್ಲೂ 81,258 ಹಲಗೆ ಅಂತ ಇತ್ತು. ಹತ್ತು ವರ್ಷದ ಹಿಂದೆ ಸರ್ಕಾರದ ಕಡೆಯಿಂದ ಮತ್ತೆ ಎಣಿಸಿದಾಗ 81,352 ಸಿಕ್ಕಿತು. ಒಂದು ಬದಿಗೆ 23 ಸಾಲು, ಒಂದು ಸಾಲಿಗೆ 14 ಅಕ್ಷರ. ಅಕ್ಷರಗಳ ಒಟ್ಟು ಲೆಕ್ಕ ಅಂತ ಎಲ್ಲ ಕಡೆ ಒಂದು ಸಂಖ್ಯೆ ಕೊಡುತ್ತಾರೆ, 5,23,30,152. ಕೊನೆಯ ಆ ‘ಎರಡು’ ನೋಡಿ ನಾನು ಬೆರಗಾಗಿದ್ದೆ, ಎಂಥಾ ಎಣಿಕೆ ಅಂತ. ಆಮೇಲೆ ಒಂದು ದಿನ ಕಾಗದ ಪೆನ್ನು ಹಿಡಿದು ಕೂತೆ. 23 ಗುಣಿಸು 14, ಎರಡು ಬದಿ ಸೇರಿ 644. ಅದನ್ನು 81,258ರಿಂದ ಗುಣಿಸಿದೆ. ಸರಿಯಾಗಿ ಅದೇ ಸಂಖ್ಯೆ ಬಂತು! ಅಂದರೆ ಆ ಸಂಖ್ಯೆ ಎಣಿಸಿ ಬಂದದ್ದಲ್ಲ, ಗುಣಿಸಿ ಬಂದದ್ದು. ಗಾಥೆಗಳಿರುವ ಕಡೆ ಸಾಲು ಗಿಡ್ಡವಾಗಿರುತ್ತದೆ, ಶೀರ್ಷಿಕೆ ಇರುವ ಕಡೆ ಜಾಗ ಖಾಲಿ ಬಿಟ್ಟಿರುತ್ತಾರೆ, ಹಾಗಾಗಿ ನಿಜವಾದ ಲೆಕ್ಕ ಇದಕ್ಕಿಂತ ಕಡಿಮೆಯೇ ಇರಬೇಕು. ಐದು ಕೋಟಿಯ ಆಸುಪಾಸು ಅಂದುಕೊಂಡರೆ ಸಾಕು. ಬೆರಗು ಅದರಿಂದ ಕಡಿಮೆಯೇನೂ ಆಗುವುದಿಲ್ಲ.

ನಾನು ಅಲ್ಲಿಗೆ ಹೋಗಿದ್ದು ಒಂದೇ ಸಲ. ಮಗಳನ್ನು ನೋಡಲು ಕೊರಿಯಾಕ್ಕೆ ಹೋಗಿದ್ದಾಗ ದೇಗು ಊರಿನಿಂದ ಬಸ್ಸು ಹಿಡಿದೆ. ಹಲಗೆಗಳಿರುವ ಮನೆಯೊಳಗೆ ಹೋಗಬೇಕಾದರೆ ಮೊದಲೇ ಹೆಸರು ನೋಂದಾಯಿಸಬೇಕು, ಅದೂ ವಾರದ ಕೊನೆಯಲ್ಲಿ ಸಣ್ಣ ಗುಂಪುಗಳಿಗೆ ಮಾತ್ರ. 2021ರಿಂದ ಈಚೆಗಷ್ಟೇ ಅದೂ ಸಾಧ್ಯವಾಗಿರುವುದು. ನಾನು ವಿಚಾರಿಸದೆ ಬುಧವಾರ ಹೋಗಿ ನಿಂತೆ. ತಪ್ಪು ನನ್ನದೇ. ಫೋಟೊ ತೆಗೆಯುವ ಹಾಗಿರಲಿಲ್ಲ. ಕಿಟಕಿಯ ಮರದ ಪಟ್ಟಿಗಳ ಸಂದಿಯಲ್ಲಿ ಕಣ್ಣಿಟ್ಟು ನೋಡಿದೆ. ಒಳಗೆ ನಸುಗತ್ತಲು. ಕಂದು ಬಣ್ಣದ ಹಲಗೆಗಳ ಅಂಚುಗಳು, ಸಾಲು ಸಾಲಾಗಿ, ಚಾವಣಿಯವರೆಗೆ. ಹಳೇ ವಾಚನಾಲಯದ ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆಯೇ ನಿಲ್ಲಿಸಿದ್ದಾರೆ. ಒಂದು ಅಕ್ಷರವೂ ಕಾಣಲಿಲ್ಲ. ಆದರೆ ಮುಖಕ್ಕೆ ಗಾಳಿ ಬಡಿಯಿತು, ಒಳಗಿನಿಂದ ಹೊರಗೆ. ಆ ಗಾಳಿಯ ವಿಷಯ ದೊಡ್ಡದು, ಆಮೇಲೆ ಹೇಳುತ್ತೇನೆ.

ಮೊದಲು ಒಂದು ಮಾತು. ಈಗಿರುವ ಹಲಗೆಗಳು ಎರಡನೆಯ ಸಲ ಕೆತ್ತಿದವು. ಮೊದಲಿನವು ಸುಟ್ಟುಹೋದವು.

ಬೌದ್ಧರ ಗ್ರಂಥಗಳನ್ನೆಲ್ಲ ಒಟ್ಟಾಗಿ ತ್ರಿಪಿಟಕ ಅನ್ನುತ್ತಾರೆ. ಅದನ್ನು ಇಡಿಯಾಗಿ ಮರದಲ್ಲಿ ಕೆತ್ತಿಸಿದ ಮೊದಲಿಗರು ಚೀನಾದ ಸೋಂಗ್ ದೊರೆಗಳು. 971ರಿಂದ 983ರವರೆಗೆ ಚೆಂಗ್ಡುವಿನಲ್ಲಿ ಸುಮಾರು 1,30,000 ಹಲಗೆ ಕೆತ್ತಿಸಿದರು. ಅದರ ಅಚ್ಚು ಪ್ರತಿ ಕೊರಿಯಾಕ್ಕೆ ಬಂತು. ಆಗ ಅಲ್ಲಿ ಗೊರ್ಯೊ ವಂಶದ ಆಳ್ವಿಕೆ. ಕೊರಿಯಾ ಅನ್ನುವ ಹೆಸರೇ ಆ ಗೊರ್ಯೊದಿಂದ ಬಂದದ್ದು. 1010ರ ಕೊನೆಯಲ್ಲಿ ಉತ್ತರದಿಂದ ಖಿತಾನರು ನುಗ್ಗಿ ರಾಜಧಾನಿಯನ್ನೇ ಹಿಡಿದರು, ದೊರೆ ಹ್ಯೊನ್‌ಜೊಂಗ್ ದಕ್ಷಿಣಕ್ಕೆ ಓಡಿಹೋದ. ಶತ್ರು ತೊಲಗಲಿ ಅಂತ ಹರಕೆ ಹೊತ್ತು 1011ರಲ್ಲಿ ತ್ರಿಪಿಟಕ ಕೆತ್ತಿಸಲು ಶುರುಮಾಡಿದ. ಮುಗಿದದ್ದು 1087ರಲ್ಲಿ.

ಇಲ್ಲಿ ಒಂದು ಕ್ಷಣ ನಮ್ಮ ಕಡೆಗೂ ನೋಡೋಣ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ಶಾಸನ 1007ರದ್ದು. ಪೊನ್ನನ ಶಾಂತಿಪುರಾಣ ಅಳಿದುಹೋಗಬಾರದು ಅಂತ ಸಾವಿರ ಓಲೆಪ್ರತಿ ಮಾಡಿಸಿ ಹಂಚಿದವಳು ಅವಳು. ನಾಲ್ಕು ವರ್ಷದ ಅಂತರ. ಇಬ್ಬರಿಗೂ ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿರಲು ಸಾಧ್ಯವೇ ಇಲ್ಲ. ಆದರೂ ಇಬ್ಬರ ತಲೆಯಲ್ಲಿ ಓಡಿದ್ದು ಒಂದೇ ಯೋಚನೆ, ಪ್ರತಿ ಜಾಸ್ತಿಯಾದರೆ ಉಳಿಯುತ್ತದೆ. ಅತ್ತಿಮಬ್ಬೆ ಸಾವಿರ ಲಿಪಿಕಾರರ ಕೈ ಹಿಡಿದಳು, ಹ್ಯೊನ್‌ಜೊಂಗ್ ಒಂದೇ ಹಲಗೆಯಿಂದ ಬೇಕಾದಷ್ಟು ಪ್ರತಿ ತೆಗೆಯುವ ದಾರಿ ಹಿಡಿದ.

ಮುಂದೆ 1231ರಲ್ಲಿ ಮಂಗೋಲರು ಬಂದರು. ಮರುವರ್ಷ, 1232ರಲ್ಲಿ, ಬುಇನ್‌ಸಾ ಮಠದಲ್ಲಿಟ್ಟಿದ್ದ ಆ ಹಲಗೆಗಳನ್ನೆಲ್ಲ ಸುಟ್ಟುಹಾಕಿದರು. ಎಪ್ಪತ್ತಾರು ವರ್ಷದ ಕೆಲಸ ಬೂದಿಯಾಯಿತು. ಆದರೆ ಕಾಗದಕ್ಕಿಂತ ಮರ ಗಟ್ಟಿ ಅಲ್ವಾ, ತಮಾಷೆ ನೋಡಿ. ಹಲಗೆ ಹೋಯಿತು, ಅದರಿಂದ ಒತ್ತಿದ ಕಾಗದ ಉಳಿಯಿತು. ಜಪಾನಿನ ಕ್ಯೋಟೊದಲ್ಲಿರುವ ನಾನ್‌ಜೆನ್‌ಜಿ ಮಠದಲ್ಲಿ ಆ ಮೊದಲ ಹಲಗೆಗಳಿಂದ ತೆಗೆದ ಸಾವಿರಕ್ಕೂ ಹೆಚ್ಚು ಸುರುಳಿಗಳು ಇವತ್ತಿಗೂ ಇವೆ.

ಗೊರ್ಯೊ ಆಸ್ಥಾನ ಗಾಂಗ್‌ಹ್ವಾ ಅನ್ನುವ ದ್ವೀಪಕ್ಕೆ ಓಡಿಹೋಗಿತ್ತು. ಮಂಗೋಲರಿಗೆ ಕುದುರೆ ಗೊತ್ತು, ಕಡಲು ಗೊತ್ತಿಲ್ಲ. ನಡುವೆ ಇದ್ದದ್ದು ಬರೀ ಒಂದು ಕಿರಿದಾದ ನೀರಿನ ಪಟ್ಟಿ, ಆದರೂ ದ್ವೀಪ ಕೈಗೆ ಸಿಗಲಿಲ್ಲ. ನಿಜವಾದ ಅಧಿಕಾರ ದೊರೆಯ ಕೈಯಲ್ಲಿರಲಿಲ್ಲ, ಸೇನಾಧಿಪತಿ ಚೋಯ್ ಊ ಕೈಯಲ್ಲಿತ್ತು. ಅವನ ಮುಂದಾಳತ್ವದಲ್ಲಿ 1236ರಲ್ಲಿ ಮತ್ತೆ ಕೆತ್ತನೆ ಶುರುವಾಯಿತು. ಕವಿ ಯಿ ಗ್ಯುಬೋ 1237ರಲ್ಲಿ ದೊರೆಯ ಪರವಾಗಿ ಒಂದು ಪ್ರಾರ್ಥನೆ ಬರೆದ. ಅದರ ವಾದ ಬಲು ಮಜವಾಗಿದೆ. ಹಿಂದೆ ನಾವು ಕೆತ್ತಲು ಹರಕೆ ಹೊತ್ತಾಗ ಖಿತಾನರು ತಾವಾಗಿ ಹಿಂದೆ ಸರಿದರು. ಬುದ್ಧ ಅದೇ ಬುದ್ಧ, ಗ್ರಂಥ ಅದೇ ಗ್ರಂಥ, ಈಗ ಮಾತ್ರ ಯಾಕೆ ಆಗಬಾರದು? ವಕೀಲರ ವಾದದ ಹಾಗಿದೆ.

ಫಲ ಸಿಕ್ಕಿತಾ? ಇಲ್ಲ. ಕೆತ್ತನೆ ನಡೆಯುತ್ತಿರುವಾಗಲೇ 1238ರಲ್ಲಿ ಮಂಗೋಲರು ಗ್ಯೊಂಗ್‌ಜುವಿನ ಒಂಬತ್ತು ಅಂತಸ್ತಿನ ಗೋಪುರವನ್ನು ಸುಟ್ಟರು. 1251ರಲ್ಲಿ ಹಲಗೆಗಳ ಕೆಲಸ ಮುಗಿಯಿತು ಅಂತ ಉತ್ಸವ ಮಾಡಿದರು. 1259ರಲ್ಲಿ ಗೊರ್ಯೊ ಮಂಗೋಲರಿಗೆ ತಲೆಬಾಗಿತು. ಹರಕೆಯ ಲೆಕ್ಕದಲ್ಲಿ ನೋಡಿದರೆ ಇದು ಸೋತ ಕೆಲಸ. ಬಡ ರೈತರು ಮುಖ್ಯ ನೆಲದಲ್ಲಿ ಕುದುರೆ ಕಾಲಿಗೆ ಸಿಕ್ಕಿ ಸಾಯುತ್ತಿದ್ದಾಗ ದ್ವೀಪದಲ್ಲಿ ಕೂತ ಆಸ್ಥಾನ ಮರ ಕೆತ್ತಿಸುತ್ತಿತ್ತು ಅಂತ ಯಾರಾದರೂ ಸಿಟ್ಟಾದರೆ ನಾನು ತಪ್ಪು ಅನ್ನುವುದಿಲ್ಲ. ಹಲಗೆಗಳನ್ನು ಹೊಗಳುವವರು ಈ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಈಗ ಕರಡು ತಿದ್ದಿದವನ ಹತ್ತಿರ ಬರೋಣ. ಅವನ ಹೆಸರು ಸುಗಿ. ಭಿಕ್ಷು. ಅವನ ಹುಟ್ಟು, ಊರುಕೇರಿ ವಿವರ ಯಾವುದೂ ಕತೆಯಲ್ಲಿ ಬರುವುದಿಲ್ಲ, ಅವನ ಕೆಲಸ ಮಾತ್ರ ಬರುತ್ತದೆ. ಸುಟ್ಟುಹೋದ ಹಲಗೆಗಳ ಅಚ್ಚು ಪ್ರತಿ ಇತ್ತಲ್ಲ, ಅದನ್ನೇ ಅಂಟಿಸಿ ಹಾಗೇ ಮತ್ತೆ ಕೆತ್ತಬಹುದಿತ್ತು. ಯುದ್ಧದ ಕಾಲ, ಅವಸರ, ಯಾರೂ ಕೇಳುತ್ತಿರಲಿಲ್ಲ. ಸುಗಿ ಹಾಗೆ ಮಾಡಲಿಲ್ಲ. ಮೂರು ಪಾಠಗಳನ್ನು ಎದುರಿಗೆ ಇಟ್ಟುಕೊಂಡ. ಸೋಂಗರ ಪ್ರತಿ ಒಂದು, ಗೊರ್ಯೊದ ಹಳೇ ಪ್ರತಿ ಒಂದು. ಮೂರನೆಯದು ಖಿತಾನರು ಕೆತ್ತಿಸಿದ ತ್ರಿಪಿಟಕದ ಪ್ರತಿ. ಖಿತಾನರು ಅಂದರೆ ಯಾರು? ಎರಡು ಶತಮಾನದ ಹಿಂದೆ ಇದೇ ದೇಶವನ್ನು ಕೊಳ್ಳೆ ಹೊಡೆದವರು, ಯಾರ ವಿರುದ್ಧ ಮೊದಲ ತ್ರಿಪಿಟಕ ಕೆತ್ತಿದ್ದರೋ ಅವರೇ. ಆದರೆ ಅವರ ಪಾಠ ಹಲವು ಕಡೆ ಚೆನ್ನಾಗಿತ್ತು. ಸುಗಿ ಅದನ್ನೇ ಒಪ್ಪಿಕೊಂಡ.

ಮೂರರಲ್ಲಿ ಎಲ್ಲಿ ಬೇರೆ ಬೇರೆ ಇದೆ, ಎಲ್ಲಿ ಸಾಲು ಬಿಟ್ಟುಹೋಗಿದೆ, ಎಲ್ಲಿ ಒಂದು ಸೂತ್ರದ ಹೆಸರಿನ ಕೆಳಗೆ ಇನ್ನೊಂದರ ಪಾಠ ಸೇರಿಕೊಂಡಿದೆ, ಯಾವುದನ್ನು ಒಪ್ಪಿದೆ, ಯಾಕೆ ಒಪ್ಪಿದೆ, ಎಲ್ಲವನ್ನೂ ಬರೆದಿಟ್ಟ. ಆ ಟಿಪ್ಪಣಿಯೇ 30 ಸಂಪುಟ. ಅದನ್ನೂ ಹಲಗೆಯಲ್ಲಿ ಕೆತ್ತಿಸಿ ಜೊತೆಗೇ ಇಟ್ಟರು. ಅಂದರೆ ಗ್ರಂಥದ ಜೊತೆಗೆ ಅದರ ಕರಡು ತಿದ್ದುಪಡಿಯೂ ಅಚ್ಚಾಗುವ ಹಾಗೆ! ನಮ್ಮಪ್ಪ ಇದನ್ನು ಕೇಳಿದ್ದರೆ ಎದ್ದು ನಿಂತು ಕೈ ಮುಗಿಯುತ್ತಿದ್ದರು.

ಸುಗಿಯಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಪ್ರಸಂಗ. ಮೂವತ್ತು ಭಾಗದ ಒಂದು ‘ಬುದ್ಧನಾಮ ಸೂತ್ರ’ ಇತ್ತು. ಬುದ್ಧರ ಹೆಸರುಗಳನ್ನು ಒಂದೊಂದಾಗಿ ಹೇಳುವ ಪಾಠ. ಅದು ಅಸಲಿ ಅಲ್ಲ, ಆಮೇಲೆ ಯಾರೋ ಕೂಡಿಸಿದ್ದು ಅಂತ ಅವನಿಗೆ ಗೊತ್ತಾಯಿತು. ತೆಗೆದುಹಾಕಬಹುದಿತ್ತು. ಆದರೆ ದೇಶದ ಜನ ಅದನ್ನು ಹಿಡಿದು ಪೂಜೆ, ಪಾರಾಯಣ ಮಾಡುತ್ತಿದ್ದರು. ಅಸಲಿಯಲ್ಲ ಅಂತ ಟಿಪ್ಪಣಿ ಬರೆದು, ಪಾಠವನ್ನು ಉಳಿಸಿಕೊಂಡ. ಪಂಡಿತರಿಗೆ ಸತ್ಯ ಸಿಕ್ಕಿತು, ಅಜ್ಜಿಯರ ಪಾರಾಯಣವೂ ತಪ್ಪಲಿಲ್ಲ. ಇಂಥ ಸಂಪಾದಕರು ಈಗ ಎಷ್ಟು ಜನ ಸಿಗುತ್ತಾರೆ ಹೇಳಿ.

ಆಮೇಲೆ ಏನಾಯಿತು ಅಂದರೆ, ಸೋಂಗರ ಹಲಗೆಗಳು ನಾಶವಾದವು, ಅದರ ಸುರುಳಿಗಳು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಖಿತಾನರದ್ದು ಪೂರ್ತಿ ಕಳೆದುಹೋಯಿತು ಅಂದುಕೊಂಡಿದ್ದರು. 1974ರಲ್ಲಿ ಚೀನಾದ ಒಂದು ಹಳೇ ಮರದ ಗೋಪುರದ ವಿಗ್ರಹದೊಳಗೆ ಕೆಲವು ಸುರುಳಿ ಸಿಕ್ಕವು, ಅಷ್ಟೇ. ಹಾಗಾಗಿ ಆ ಎರಡರಲ್ಲಿ ಏನಿತ್ತು ಅಂತ ತಿಳಿಯಬೇಕಾದರೆ ವಿದ್ವಾಂಸರು ಇವತ್ತಿಗೂ ಸುಗಿಯ ಟಿಪ್ಪಣಿ ತೆರೆಯುತ್ತಾರೆ. ಜಪಾನಿನಲ್ಲಿ 1924ರಿಂದ 1934ರವರೆಗೆ ತೈಶೋ ಅನ್ನುವ ಹೆಸರಿನ ತ್ರಿಪಿಟಕ ಅಚ್ಚಾಯಿತು. ಇವತ್ತು ಜಗತ್ತಿನಲ್ಲಿ ಚೀನೀ ಬೌದ್ಧ ಗ್ರಂಥ ಓದುವವರೆಲ್ಲ ಬಳಸುವುದು ಅದನ್ನೇ. ಅದಕ್ಕೆ ಆಧಾರ ಹೇಇನ್‌ಸಾದ ಪಾಠ.

ಐದು ಕೋಟಿ ಅಕ್ಷರದಲ್ಲಿ ಒಂದೂ ತಪ್ಪಿಲ್ಲ ಅಂತ ಪ್ರವಾಸಿಗರಿಗೆ ಹೇಳುತ್ತಾರೆ. ನಾನು ಅದನ್ನು ನಂಬುವುದಿಲ್ಲ. ಕರಡು ತಿದ್ದಿದ ಯಾವ ಮನುಷ್ಯನೂ ನಂಬುವುದಿಲ್ಲ. ತಪ್ಪು ಬಹಳ ಬಹಳ ಕಡಿಮೆ ಅಂದರೆ ಸಾಕು, ಅದೇ ದೊಡ್ಡ ಹೊಗಳಿಕೆ. ಪ್ರತಿ ಅಕ್ಷರಕ್ಕೂ ಮೂರು ಸಲ ಅಡ್ಡಬಿದ್ದು ಕೆತ್ತಿದರು ಅಂತಲೂ ಹೇಳುತ್ತಾರೆ. ಹದಿನೈದು ಕೋಟಿ ನಮಸ್ಕಾರ! ಹಾಗೆ ಮಾಡಿದ್ದರೆ ಇನ್ನೂ ಕೆತ್ತುತ್ತಲೇ ಇರುತ್ತಿದ್ದರು.

ಕೆಲಸ ಹೇಗೆ ನಡೆಯಿತು ಅಂತ ಈಗ ಹೇಳುತ್ತೇನೆ. ಇದು ಬರೀ ಭಕ್ತಿಯ ಮಾತಲ್ಲ, ಬಡಗಿ ಕೆಲಸ. ಬಹಳ ಕಾಲ ಈ ಹಲಗೆಗಳನ್ನು ಬರ್ಚ್ ಮರದ್ದು ಅಂತ ನಂಬಿದ್ದರು. ಸಣ್ಣ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಜಾಸ್ತಿ ಪಾಲು ಕಾಡು ಚೆರ್ರಿ, ಆಮೇಲೆ ಕಾಡು ಮರಸೇಬು ಅಂತ ಗೊತ್ತಾಯಿತು. ಎರಡೂ ಒತ್ತಾದ, ಸಮನಾದ ಮೈಯ ಮರ. ತೀರಾ ಗಟ್ಟಿಯಾದರೆ ಉಳಿ ಹಿಡಿಯುವುದಿಲ್ಲ, ತೀರಾ ಮೆತ್ತಗಾದರೆ ಅಕ್ಷರದ ಅಂಚು ಉದುರುತ್ತದೆ. ಕಡಿದ ಮರವನ್ನು ಸಮುದ್ರದ ನೀರಿನಲ್ಲಿ ವರ್ಷಗಟ್ಟಲೆ ನೆನೆಹಾಕಿ, ಹಲಗೆ ಸೀಳಿ, ಉಪ್ಪುನೀರಿನಲ್ಲಿ ಕುದಿಸಿ, ನೆರಳಲ್ಲಿ ಗಾಳಿಗೆ ಒಣಗಿಸಿದರು ಅಂತ ಅಲ್ಲಿಯ ಪರಂಪರೆ ಹೇಳುತ್ತದೆ. ಮರ ಸೊಟ್ಟಗಾಗದ ಹಾಗೆ, ಹುಳು ಹಿಡಿಯದ ಹಾಗೆ. ನಮ್ಮ ಬಡಗಿಗಳೂ ಮರ ಹದಕ್ಕೆ ಬರಲಿ ಅಂತ ಕಾಯುತ್ತಾರಲ್ಲ, ಅದೇ.

ಹಲಗೆಯ ಉದ್ದ ಸುಮಾರು 70 ಸೆಂಟಿಮೀಟರ್, ಅಗಲ 24, ತೂಕ ಮೂರು ನಾಲ್ಕು ಕಿಲೊ. ತೆಳುವಾದ ಕಾಗದದ ಮೇಲೆ ಲಿಪಿಕಾರ ಸರಿಯಾಗಿ ಬರೆಯುತ್ತಾನೆ. ಆ ಕಾಗದವನ್ನು ಮುಖ ಕೆಳಗೆ ಮಾಡಿ ಹಲಗೆಗೆ ಅಂಟಿಸಿದರೆ ಅಕ್ಷರ ಉಲ್ಟಾ ಕಾಣುತ್ತದೆ. ಸುತ್ತಲಿನ ಮರವನ್ನು ಉಳಿಯಿಂದ ತೆಗೆದರೆ ಅಕ್ಷರ ಎದ್ದು ನಿಲ್ಲುತ್ತದೆ. ಒಂದು ಅಕ್ಷರ ತಪ್ಪಿದರೆ ಅಷ್ಟನ್ನೇ ಚೌಕವಾಗಿ ಕೊರೆದು ತೆಗೆದು, ಬೇರೆ ತುಂಡು ಬಡಿದು ಕೂರಿಸಿ ಮತ್ತೆ ಕೆತ್ತುತ್ತಾರೆ. ಒಬ್ಬ ಕೆತ್ತುವವ ದಿನಕ್ಕೆ ನಲವತ್ತು ಅಕ್ಷರ ಕೆತ್ತಿದ ಅಂತ ನನ್ನದೊಂದು ಅಂದಾಜು ಇಟ್ಟುಕೊಳ್ಳಿ. ಐದು ಕೋಟಿಗೆ ಹನ್ನೆರಡೂವರೆ ಲಕ್ಷ ದಿನದ ಕೂಲಿ. ಹದಿನೈದು ವರ್ಷದಲ್ಲಿ ಮುಗಿಯಬೇಕಾದರೆ ರಜೆ, ಹಬ್ಬ ಬಿಟ್ಟು ಸುಮಾರು ಇನ್ನೂರೆಂಬತ್ತು ಜನ ದಿನಾ ಕೂತು ಕೆತ್ತಬೇಕು. ಬರೆಯುವವರು, ಮರ ಕಡಿಯುವವರು, ಸಾಗಿಸುವವರು, ಅಡುಗೆಯವರು ಬೇರೆ. ಇಷ್ಟು ಕೈಗಳಿದ್ದರೂ ಎಲ್ಲ ಅಕ್ಷರ ಒಬ್ಬನೇ ಬರೆದ ಹಾಗಿವೆ. ಔಯಾಂಗ್ ಷೂನ್ ಅನ್ನುವ ಹಳೇ ಚೀನೀ ಲಿಪಿಕಾರನ ಶೈಲಿಯನ್ನೇ ಎಲ್ಲರೂ ಅನುಸರಿಸಬೇಕಿತ್ತು.

ಹಾಗಂತ ಕೆತ್ತಿದವರು ಪೂರ್ತಿ ಮರೆಯಾಗಿಲ್ಲ. ಹಲವು ಹಲಗೆಗಳ ಅಂಚಿನಲ್ಲಿ ಅವರವರ ಹೆಸರು ಸಣ್ಣದಾಗಿ ಇದೆ. ಅದೇ 13ನೇ ಶತಮಾನದಲ್ಲಿ ಸೋಮನಾಥಪುರದಲ್ಲಿ ನಮ್ಮ ರೂವಾರಿ ಮಲ್ಲಿತಮ್ಮ ಮೂರ್ತಿಯ ಪೀಠದ ಮೇಲೆ ತನ್ನ ಹೆಸರು ಕೆತ್ತುತ್ತಿದ್ದನಲ್ಲ, ಹಾಗೆ.

ಕೆತ್ತಿದ ಮೇಲೆ ಹಲಗೆಗೆ ಮರದ ಹಾಲಿನ ಮೆರುಗು ಹಚ್ಚಿದರು. ಎರಡೂ ತುದಿಗೆ ದಪ್ಪ ಮರದ ಪಟ್ಟಿ ಸೇರಿಸಿ, ಮೂಲೆಗಳಿಗೆ ತಾಮ್ರದ ತಗಡು ಹೊಡೆದರು. ಈ ಪಟ್ಟಿಯೇ ಇಡೀ ಕೆಲಸದ ಜಾಣತನ. ಪಟ್ಟಿ ಹಲಗೆಗಿಂತ ದಪ್ಪ. ಹಲಗೆಗಳನ್ನು ಪಕ್ಕಪಕ್ಕ ನಿಲ್ಲಿಸಿದಾಗ ಪಟ್ಟಿಗೆ ಪಟ್ಟಿ ತಾಗುತ್ತದೆ, ಅಕ್ಷರಕ್ಕೆ ಅಕ್ಷರ ತಾಗುವುದಿಲ್ಲ. ನಡುವೆ ಸಂದಿ ಉಳಿಯುತ್ತದೆ. ಗಾಳಿ ಆಡುತ್ತದೆ. ತುದಿಯ ಪಟ್ಟಿ ಹಲಗೆ ಬಾಗದ ಹಾಗೂ ತಡೆಯುತ್ತದೆ.

ಗಾಳಿಯ ಮಾತು ಬಂತಲ್ಲ, ಆ ಮನೆಗೆ ಹೋಗೋಣ. 1398ರಲ್ಲಿ ಗಾಂಗ್‌ಹ್ವಾದಿಂದ ರಾಜಧಾನಿಗೆ, ಅಲ್ಲಿಂದ ಹೇಇನ್‌ಸಾಕ್ಕೆ ಹಲಗೆಗಳನ್ನು ಸಾಗಿಸಿದರು. ಒಟ್ಟು ತೂಕ 250 ಟನ್ನಿಗೂ ಜಾಸ್ತಿ. ಈಗಿರುವ ಕೋಠಿಗಳು 15ನೇ ಶತಮಾನದವು. ಎರಡು ಉದ್ದನೆಯ ಮನೆ, ಒಂದೊಂದೂ ಸುಮಾರು 60 ಮೀಟರ್. ಮುಂದಿನದರ ಹೆಸರು ಸುದಾರಾಜಾಂಗ್. ಅದರಲ್ಲಿರುವ ‘ಸುದಾರಾ’ ನಮ್ಮ ‘ಸೂತ್ರ’ವೇ, ಚೀನಾ ಸುತ್ತಿ ಬಂದದ್ದರಿಂದ ಗುರುತು ಸಿಗುವುದಿಲ್ಲ ಅಷ್ಟೇ. ಹಿಂದಿನದು ಬೊಪ್‌ಬೊಜೊನ್. ಎರಡರ ನಡುವೆ ಅಂಗಳ, ಅಂಗಳದ ಎರಡು ತುದಿಗೆ ಎರಡು ಪುಟ್ಟ ಕೋಠಿ.

ಬಣ್ಣವಿಲ್ಲ, ಚಿತ್ತಾರವಿಲ್ಲ. ಕೊರಿಯಾದ ಬೇರೆ ಮಠಗಳ ಹಸಿರು ಕೆಂಪು ನೋಡಿ ಬಂದವರಿಗೆ ಇದೇನಪ್ಪಾ ದನದ ಕೊಟ್ಟಿಗೆ ಅನ್ನಿಸಬಹುದು. ಕಣ್ಣು ಕಿಟಕಿಯ ಮೇಲೆ ಹೋಗಬೇಕು. ಮುಂಗೋಡೆಯಲ್ಲಿ ಕೆಳಗಿನ ಕಿಟಕಿ ದೊಡ್ಡದು, ಮೇಲಿನದು ಚಿಕ್ಕದು. ಹಿಂಗೋಡೆಯಲ್ಲಿ ಇದರ ಉಲ್ಟಾ, ಮೇಲಿನದು ದೊಡ್ಡದು, ಕೆಳಗಿನದು ಚಿಕ್ಕದು. ಕಣಿವೆಯಿಂದ ಬರುವ ಗಾಳಿ ಮುಂದೆ ಕೆಳಗಿನಿಂದ ನುಗ್ಗುತ್ತದೆ, ತಕ್ಷಣ ಹೊರಗೆ ಹೋಗಲು ಆಗುವುದಿಲ್ಲ, ಹಲಗೆಗಳ ನಡುವೆ ಸುತ್ತಿ, ಮೇಲೇರಿ, ಹಿಂದೆ ಮೇಲಿನಿಂದ ಹೊರಟುಹೋಗುತ್ತದೆ. ನೆಲ ಮಣ್ಣಿನದು. ಅದರ ಕೆಳಗೆ ಇದ್ದಿಲು, ಉಪ್ಪು, ಸುಣ್ಣ, ಮರಳು ಹಾಕಿ ಬಡಿದಿದ್ದಾರೆ. ಮಳೆಗಾಲದಲ್ಲಿ ಅದು ತೇವ ಹೀರುತ್ತದೆ, ಒಣಹವೆಯಲ್ಲಿ ಬಿಟ್ಟುಕೊಡುತ್ತದೆ. ಮಠ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಮಠದ ಬೇರೆ ಕಟ್ಟಡಗಳಿಗೆ ಎಷ್ಟೋ ಸಲ ಬೆಂಕಿ ಬಿತ್ತು, 1817ರಲ್ಲಿ ದೊಡ್ಡದಾಗಿಯೇ ಬಿತ್ತು. ಈ ಕೋಠಿಗಳಿಗೆ ತಾಗಲಿಲ್ಲ. ಅದನ್ನು ಪವಾಡ ಅನ್ನುವವರು ಅನ್ನಲಿ. ಕೋಠಿಗಳು ಎಲ್ಲಕ್ಕಿಂತ ಮೇಲೆ, ಒಂಟಿಯಾಗಿ, ಗೋಡೆಯ ಆಚೆ ಇವೆ ಅನ್ನುವುದನ್ನೂ ನೋಡಬೇಕು.

1970ರ ದಶಕದಲ್ಲಿ ಸರ್ಕಾರಕ್ಕೆ ಒಂದು ಯೋಚನೆ ಬಂತು. ಇಂಥ ನಿಧಿಯನ್ನು ಮಣ್ಣಿನ ನೆಲದ ಮರದ ಮನೆಯಲ್ಲಿ ಇಡುವುದೇ? ಕಾಂಕ್ರೀಟಿನ ಹೊಸ ಕಟ್ಟಡ ಕಟ್ಟಿಸಿದರು, ಹವೆ ನಿಯಂತ್ರಿಸುವ ಯಂತ್ರ ಕೂರಿಸಿದರು. ಪುಣ್ಯಕ್ಕೆ ಎಲ್ಲವನ್ನೂ ಒಂದೇ ಸಲ ಸಾಗಿಸಲಿಲ್ಲ. ಪರೀಕ್ಷೆಗೆ ಅಂತ ಕೆಲವು ಹಲಗೆ ಇಟ್ಟು ನೋಡಿದರು. ತೇವ ಕೂತು ಹಲಗೆಗೆ ಬೂಷ್ಟು ಹಿಡಿಯತೊಡಗಿತು. ಅವನ್ನು ಎತ್ತಿಕೊಂಡು ವಾಪಸ್ ಹಳೇ ಮನೆಗೇ ಬಂದರು. ಹೊಸ ಕಟ್ಟಡ ಈಗ ಭಿಕ್ಷುಗಳ ಧ್ಯಾನಕ್ಕೆ ಬಳಕೆಯಾಗುತ್ತಿದೆ. ಆ ಅಧಿಕಾರಿಗಳನ್ನು ನೋಡಿ ನಗುವುದು ಸುಲಭ. ನನಗೆ ಅವರ ಮೇಲೆ ಗೌರವವೇ ಇದೆ. ಅಷ್ಟು ದುಡ್ಡು ಸುರಿದ ಮೇಲೂ ಇದು ಆಗಲ್ಲ ಅಂತ ಒಪ್ಪಿಕೊಂಡರಲ್ಲ. 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಮೊದಲು ಸೇರಿದ್ದು ಈ ಮನೆ. ಹಲಗೆಗಳಿಗೆ ಯುನೆಸ್ಕೊದ ಬೇರೆ ಮನ್ನಣೆ ಸಿಕ್ಕಿದ್ದು 2007ರಲ್ಲಿ, ಹನ್ನೆರಡು ವರ್ಷ ತಡವಾಗಿ.

ಹಲಗೆಗಳು ಕೈತಪ್ಪಿ ಹೋಗಬಹುದಾಗಿದ್ದ ಎರಡು ಸಂದರ್ಭ ಹೇಳಿ ಮುಗಿಸುತ್ತೇನೆ.

ಗೊರ್ಯೊ ಆದಮೇಲೆ ಬಂದ ಜೊಸೊನ್ ವಂಶದ ಕಾಲಕ್ಕೆ ಆಸ್ಥಾನದಲ್ಲಿ ಕನ್ಫ್ಯೂಷಿಯಸ್ ಮಾತಿಗೆ ಬೆಲೆ, ಬೌದ್ಧರಿಗೆ ಇಲ್ಲ. ಜಪಾನಿನವರು ಮತ್ತೆ ಮತ್ತೆ ದೂತರನ್ನು ಕಳಿಸಿ ತ್ರಿಪಿಟಕದ ಅಚ್ಚು ಪ್ರತಿ ಕೇಳುತ್ತಿದ್ದರು, ಕೊಡುತ್ತಲೂ ಇದ್ದರು. 1423-24ರ ಚಳಿಗಾಲದಲ್ಲಿ ಬಂದವರು ಪ್ರತಿ ಬೇಡ, ಹಲಗೆಗಳನ್ನೇ ಕೊಡಿ ಅಂದರು. ಆಗ ದೊರೆ ಸೆಜೊಂಗ್. ಹೌದು, ಮುಂದೆ ಕೊರಿಯಾದ ಹಂಗುಲ್ ಲಿಪಿ ಮಾಡಿದವನೇ. ಅವನಿಗೂ ಈ ಹಲಗೆಗಳು ಉಪಯೋಗವಿಲ್ಲದ ವಸ್ತು ಅನ್ನಿಸಿದ್ದವು, ಕೊಟ್ಟುಬಿಡೋಣ ಅಂತಲೇ ಇದ್ದ. ಮಂತ್ರಿಗಳು ತಡೆದರು. ಯಾಕೆ ಗೊತ್ತಾ? ಹಲಗೆಯ ಮೇಲಿನ ಪ್ರೀತಿಯಿಂದ ಅಲ್ಲ. ಕೇಳಿದ್ದನ್ನೆಲ್ಲ ಕೊಡುತ್ತಾ ಹೋದರೆ ನಾಳೆ ಕೊಡಲಾಗದ್ದನ್ನು ಕೇಳುತ್ತಾರೆ ಅಂತ. ದೂತರು ಊಟ ಬಿಟ್ಟು ಹಟ ಹಿಡಿದರು. ಕೊಡಲಿಲ್ಲ. ಹೀಗೆ ರಾಜತಂತ್ರದ ಜುಗ್ಗತನ ಧರ್ಮವನ್ನು ಉಳಿಸಿತು.

ಎರಡನೆಯದು 1951, ಕೊರಿಯಾ ಯುದ್ಧ. ಉತ್ತರದ ಸೈನಿಕರು ಗಯಾ ಬೆಟ್ಟದಲ್ಲಿ ಅಡಗಿದ್ದರು. ಹೇಇನ್‌ಸಾದ ಮೇಲೆ ಬಾಂಬು ಹಾಕಲು ವಿಮಾನಗಳಿಗೆ ಅಪ್ಪಣೆಯಾಯಿತು. ಮುಂದಾಳು ಪೈಲಟ್ ಕಿಮ್ ಯಂಗ್‌ಹ್ವಾನ್ ಮಠದ ಮೇಲೆ ಹಾಕಬೇಡಿ ಅಂತ ತನ್ನ ಜೊತೆಯವರನ್ನು ತಡೆದ. ಯುದ್ಧದಲ್ಲಿ ಅಪ್ಪಣೆ ಮೀರುವುದು ಅಂದರೆ ತಲೆ ಹೋಗುವ ಕೆಲಸ. ಮಠದ ದಾರಿಯಲ್ಲಿ ಅವನ ನೆನಪಿನ ಕಲ್ಲು ಇದೆ.

ಮಾತು ಮುಗಿದ ಮೇಲೆ ಪ್ರಶ್ನೆ ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ಮೇಡಂ, ಕಾಲೇಜಿನಲ್ಲಿ ಇತಿಹಾಸ ಹೇಳುವವರು, ಕೇಳಿದರು: “ಸಾರ್, ಅಲ್ಲಿಯ ಸಾಮಾನ್ಯ ಜನಕ್ಕೆ ಅದನ್ನು ಓದೋಕೆ ಬರ್ತಿತ್ತಾ?” ಇಲ್ಲ ಅಂದೆ. ಅದು ಹಳೇ ಚೀನೀ ಭಾಷೆ. ಆಗ ಹಂಗುಲ್ ಹುಟ್ಟೇ ಇರಲಿಲ್ಲ. ಪೂರ್ತಿ ತ್ರಿಪಿಟಕ ಕೊರಿಯಾದ ಆಡುಮಾತಿಗೆ ಬಂದದ್ದು 20ನೇ ಶತಮಾನದ ದ್ವಿತೀಯಾರ್ಧದಲ್ಲಿ. ಒಟ್ಟು 318 ಸಂಪುಟ, ಮುಗಿದದ್ದು 2001ರಲ್ಲಿ. ಕೆತ್ತನೆಗೆ ಹದಿನೈದು ವರ್ಷ ಸಾಕಾಗಿತ್ತು, ಅನುವಾದಕ್ಕೆ ಅದರ ಎರಡರಷ್ಟಕ್ಕಿಂತ ಜಾಸ್ತಿ ಬೇಕಾಯಿತು. ಅದಕ್ಕೆ ಸ್ವಲ್ಪ ಮೊದಲು, 2000ದ ಹೊತ್ತಿಗೆ, ಭಿಕ್ಷುಗಳೇ ಮುಂದೆ ನಿಂತು ಇಡೀ ಪಾಠವನ್ನು ಕಂಪ್ಯೂಟರಿಗೆ ಹತ್ತಿಸಿದ್ದರು.

ಎಂಟನೇ ಕ್ಲಾಸಿನ ಹುಡುಗ ಕೇಳಿದ: “ಈಗ ಅದ್ರಿಂದ ಪ್ರಿಂಟ್ ಹಾಕ್ತಾರಾ?”

ಒಳ್ಳೇ ಪ್ರಶ್ನೆ. 1915ರಲ್ಲಿ ಹಾಕಿದ್ದರು, 1960ರ ದಶಕದಲ್ಲಿ ಹಾಕಿದ್ದರು. ಈಗ ಹಲಗೆಗಳಿಗೆ ವಿಶ್ರಾಂತಿ. ನನಗೆ ಇದರ ಬಗ್ಗೆ ಎರಡು ಮನಸ್ಸು. ಸವೆಯಬಾರದು ಅನ್ನುವುದು ಸರಿ. ಆದರೆ ಅವು ಮೂರ್ತಿಗಳಲ್ಲ, ಅಚ್ಚು. ಮಸಿ ಬೇಡುವ ವಸ್ತು. ಮರದ ಹಲಗೆಯಿಂದ ದಿನಾ ಬೌದ್ಧ ಗ್ರಂಥ ಅಚ್ಚಾಗುವುದನ್ನು ನೋಡಬೇಕು ಅಂದರೆ ಟಿಬೆಟನ್ನರ ದೆರ್ಗೆಗೆ ಹೋಗಬೇಕು, ಈಗಿನ ಚೀನಾದ ಸಿಚುವಾನಿಗೆ. 1729ರಲ್ಲಿ ಶುರುವಾದ ಅಚ್ಚುಕೂಟ ಅದು, ಎರಡು ಲಕ್ಷಕ್ಕೂ ಜಾಸ್ತಿ ಹಲಗೆ. ಇಬ್ಬರು ಎದುರುಬದುರು ಕೂರುತ್ತಾರೆ. ಒಬ್ಬ ಮಸಿ ಹಚ್ಚುತ್ತಾನೆ, ಇನ್ನೊಬ್ಬ ಕಾಗದ ಒತ್ತಿ ಎಳೆಯುತ್ತಾನೆ. ನೋಡುವವರಿಗೆ ತಲೆ ತಿರುಗುವಷ್ಟು ವೇಗ. ಅಷ್ಟು ದೂರ ಆಗದಿದ್ದರೆ ಬೈಲಕುಪ್ಪೆಗೆ ಹೋಗಿ. ಅಲ್ಲಿಯ ಮಠಗಳಲ್ಲಿ ಬಿಡಿ ಹಾಳೆಯ ಉದ್ದನೆಯ ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಾರೆ. ಆ ಆಕಾರ ನಮ್ಮ ಓಲೆಗರಿಯಿಂದ ಹಲಗೆಗೆ, ಹಲಗೆಯಿಂದ ಕಾಗದಕ್ಕೆ ಇಳಿದು ಬಂದದ್ದು.

ಹುಡುಗ ತಲೆಯಾಡಿಸಿದ. ಆಮೇಲೆ ನನ್ನ ಮೊಳೆ ವಾಪಸ್ ಕೊಡಲು ಬಂದ. ಗ್ರಂಥಾಲಯದ ಮೇಜಿನ ಮೇಲಿದ್ದ ಸ್ಟಾಂಪ್ ಪ್ಯಾಡಿಗೆ ಅದನ್ನು ಒತ್ತಿ, ಅಂಗೈ ಮೇಲೆಲ್ಲ ಅಚ್ಚು ಹಾಕಿಕೊಂಡಿದ್ದ. ನಾನು ಮನೆಯಿಂದ ಯಾವ ಮೊಳೆ ತಂದಿದ್ದೆ ಅಂತ ನೋಡಿರಲೇ ಇಲ್ಲ. ಅವನ ಕೈ ತುಂಬ ನೇರಳೆ ಬಣ್ಣದ ಅರ್ಕಾವತ್ತು.